ಅಕ್ಷರ ಅದಲುಬದಲಾದ ಬೋರ್ಡು

ಮಗಳು ಪಿಯುಸಿಯಲ್ಲಿದ್ದಾಳೆ. ರಾಜ್ಯಶಾಸ್ತ್ರದ ಮೇಷ್ಟ್ರು ತರಗತಿಗೆ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನಿಮ್ಮ ಸುತ್ತಮುತ್ತಲ ಯಾವುದಾದರೂ ಒಂದು ಸಂಸ್ಥೆಯನ್ನು ಆರಿಸಿಕೊಳ್ಳಿ; ಅದರ ಸದಸ್ಯರು ಯಾರು, ಮುಖ್ಯಸ್ಥರನ್ನು ಆರಿಸುವವರು ಯಾರು, ತೀರ್ಮಾನ ಹೇಗಾಗುತ್ತದೆ, ಯಾರಿಗೆ ಮತವಿದೆ, ಯಾರಿಗಿಲ್ಲ ಎಂದು ಹತ್ತು ಪುಟ ಬರೆದು ತನ್ನಿ ಎಂದು. ಅವಳ ಗೆಳತಿಯರಲ್ಲಿ ಒಬ್ಬಳು ಹಾಲಿನ ಸಹಕಾರ ಸಂಘವನ್ನು ಹಿಡಿದಳು, ಇನ್ನೊಬ್ಬಳು ತಾನಿರುವ ಅಪಾರ್ಟ್‌ಮೆಂಟಿನ ಸಂಘವನ್ನು. ನಮ್ಮವಳು ಮಾತ್ರ ಎರಡು ವಾರ ಏನೂ ಹಿಡಿಯದೆ ಓಡಾಡಿಕೊಂಡಿದ್ದಳು. ಇಂಥ ಪ್ರಾಜೆಕ್ಟುಗಳನ್ನು ಕೊಡುವುದು ಮಕ್ಕಳಿಗೆ, ಪರೀಕ್ಷೆ ಬರೆಯುವುದು ಅಪ್ಪ ಅಮ್ಮ ಎಂಬುದು ಹೆತ್ತವರಿಗೆಲ್ಲ ಗೊತ್ತಿರುವ ಸಂಗತಿ. ಹಾಗಾಗಿ ಚಿಂತೆ ನನ್ನದೇ ಆಗಿತ್ತು.

ನಮ್ಮ ಮನೆ ಹಲಸೂರಿನಲ್ಲಿ. ಒಂದು ಸಂಜೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಲಿಂಗರಾಜಪುರದ ಟ್ಯೂಶನ್ನಿಗೆ ಬಿಡಲು ಹೋಗುತ್ತಿದ್ದೆ. ಹಚಿನ್ಸ್ ರಸ್ತೆಯ ಕಡೆ ತಿರುಗಿದಾಗ ಹಿಂದಿನಿಂದ ಕೂಗಿದಳು: ‘ಅಪ್ಪಾ, ನೋಡು! ಬಿಸಿಸಿಐ ಅಂತ ಬರೆಯೋಕೆ ಹೋಗಿ ಅಕ್ಷರ ಅದಲುಬದಲು ಮಾಡಿದ್ದಾರೆ!’

ಬೋರ್ಡಿನಲ್ಲಿ ಇದ್ದದ್ದು ಸಿಸಿಬಿಐ. ನನಗೆ ನಗು ಬಂತು. ‘ಅದು ಕ್ರಿಕೆಟ್ಟಿನದಲ್ಲ ಕಣೇ, ನಮ್ಮ ಬಿಷಪ್ಪರ ಸಂಘ’ ಎಂದೆ.

‘ಹಾಗಾದರೆ ಅದಕ್ಕೆ ಅಧ್ಯಕ್ಷರು ಇದ್ದಾರಾ?’

‘ಇರುತ್ತಾರೆ.’

‘ನಮ್ಮ ಆರ್ಚ್‌ಬಿಷಪ್ಪರಿಗೆ ಅವರು ಬಾಸಾ?’

‘ಮತ್ತೇನು, ಅಧ್ಯಕ್ಷರು ಅಂದ ಮೇಲೆ ಬಾಸೇ’ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಐವತ್ತು ವರ್ಷದಿಂದ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿರುವವನು ನಾನು. ನನಗಲ್ಲದೆ ಇನ್ನಾರಿಗೆ ಗೊತ್ತು? ಮಗಳು ತಕ್ಷಣ, ‘ಸರಿ, ನನ್ನ ಪ್ರಾಜೆಕ್ಟ್ ಇದೇ’ ಎಂದಳು. ನಾನು ಹೇಳಿದ ಮೊದಲ ವಾಕ್ಯವೇ ತಪ್ಪು ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ಆ ದಿನಗಳಲ್ಲಿ ನನ್ನ ಮನಸ್ಸು ಸರಿ ಇರಲಿಲ್ಲ. ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆ ಎಲ್ಲಿ, ಯಾವ ಭಾಷೆಯಲ್ಲಿ ಎಂಬ ಮಾತಿಗೆ ನಮ್ಮ ಮೂವರು ಮಕ್ಕಳಲ್ಲಿ ಮನಸ್ತಾಪವಾಗಿತ್ತು. ನನ್ನ ತಂಗಿ ಇಂದಿರಾನಗರದಲ್ಲಿದ್ದಾಳೆ, ತಮ್ಮ ಕೆ.ಆರ್. ಪುರದಲ್ಲಿ. ತಮ್ಮನ ಹೆಂಡತಿಯ ಮನೆಮಾತು ತಮಿಳು, ಅವರು ಹೋಗುವುದು ತಮಿಳು ಪೂಜೆಗೆ. ತಂಗಿಯ ಮಕ್ಕಳಿಗೆ ಇಂಗ್ಲಿಷ್ ಬಿಟ್ಟರೆ ಪ್ರಾರ್ಥನೆ ಬಾರದು. ಕಡೆಯ ಎಂಟು ವರ್ಷ ಅಮ್ಮ ನನ್ನ ಮನೆಯಲ್ಲೇ ಇದ್ದರು. ಹಿರಿಯ ಮಗ ನಾನು. ಹಾಗಾಗಿ ನಾನೇ ಕನ್ನಡ ಪೂಜೆಗೆ ಹೇಳಿ, ಊಟಕ್ಕೂ ಹೇಳಿ, ಆಮೇಲೆ ಇಬ್ಬರಿಗೂ ಫೋನ್ ಮಾಡಿ ದಿನ, ಗಂಟೆ ತಿಳಿಸಿದೆ. ತಂಗಿ ‘ಹೂಂ’ ಎಂದಳು. ತಮ್ಮ ಮಾತ್ರ, ‘ಎಲ್ಲ ಆದ ಮೇಲೆ ನನಗ್ಯಾಕೆ ಹೇಳ್ತೀಯಣ್ಣ? ನಿನ್ನ ಮನೆ ಪೂಜೆ, ಮಾಡ್ಕೊ’ ಎಂದು ಫೋನ್ ಇಟ್ಟ. ಮೂರು ವಾರ ಅವನಿಂದ ಮಾತಿಲ್ಲ. ನಾನೂ ಮಾಡಲಿಲ್ಲ. ಅಮ್ಮನ ಮಾತೃಭಾಷೆಯಲ್ಲಿ ಅಮ್ಮನಿಗೆ ಪೂಜೆ ಇಡಿಸಿದ್ದು ತಪ್ಪೇ ಎಂದು ನನ್ನ ವಾದ ನನಗಿತ್ತು.

ಇರಲಿ, ಪ್ರಾಜೆಕ್ಟಿಗೆ ಬರೋಣ.

ಮಗಳು ಮೊದಲು ತಂದ ತೊಡಕು ಹೆಸರಿನದು. ‘ಅಪ್ಪಾ, ದೆಹಲಿಯಲ್ಲಿ ಸಿಬಿಸಿಐ ಅಂತ ಒಂದಿದೆ. ಇಲ್ಲಿ ಸಿಸಿಬಿಐ. ಎರಡೂ ಬಿಷಪ್ಪರದ್ದೇ. ಯಾವುದು ಸರಿ?’ ನನಗೆ ಉತ್ತರ ತಿಳಿಯದೆ ಅವಳನ್ನು ಕರೆದುಕೊಂಡು ನಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಹೋದೆ. ವಯಸ್ಸಾದವರು, ಮಕ್ಕಳ ಪ್ರಶ್ನೆ ಎಂದರೆ ಕುರ್ಚಿ ಎಳೆದುಕೊಂಡು ಕೂರುವವರು.

ಅವರು ಹೇಳಿದ್ದು ಹೀಗೆ. ಬ್ರಿಟಿಷರ ಕಾಲದಲ್ಲಿ, 1944ರ ಸೆಪ್ಟೆಂಬರಿನಲ್ಲಿ, ದೇಶದ ಮಹಾಧರ್ಮಾಧ್ಯಕ್ಷರು ಮದರಾಸಿನಲ್ಲಿ ಸೇರಿ ಭಾರತ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯನ್ನು ಕಟ್ಟಿದರು. ಅದೇ ಸಿಬಿಸಿಐ. ಅಲ್ಲಿಯವರೆಗೆ ಒಬ್ಬೊಬ್ಬ ಧರ್ಮಾಧ್ಯಕ್ಷರೂ ತಮ್ಮ ಪ್ರಾಂತ್ಯದಲ್ಲಿ ತಾವು, ಮೇಲೆ ರೋಮ್. ಪಕ್ಕದವರೊಡನೆ ಕೂತು ದೇಶದ ವಿಷಯ ಮಾತಾಡುವ ಖಾಯಂ ವ್ಯವಸ್ಥೆ ಇರಲಿಲ್ಲ. ಸ್ವಾತಂತ್ರ್ಯ ಹತ್ತಿರ ಬರುತ್ತಿತ್ತು. ಶಾಲೆ, ಆಸ್ಪತ್ರೆ, ಸರ್ಕಾರದೊಡನೆ ವ್ಯವಹಾರ, ಎಲ್ಲಕ್ಕೂ ಒಂದು ದನಿ ಬೇಕಾಗಿತ್ತು.

ಆದರೆ ಭಾರತದ ಕಥೋಲಿಕರೆಲ್ಲ ಒಂದೇ ಪದ್ಧತಿಯವರಲ್ಲ. ಲ್ಯಾಟಿನ್ ಪದ್ಧತಿಯವರಿದ್ದಾರೆ, ಕೇರಳ ಮೂಲದ ಸಿರೋ ಮಲಬಾರ್ ಮತ್ತು ಸಿರೋ ಮಲಂಕರ ಪದ್ಧತಿಯವರಿದ್ದಾರೆ. 1987ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಪತ್ರ ಬರೆದು, ಮೂವರೂ ತಮ್ಮ ತಮ್ಮ ಮಂಡಳಿ ಹೊಂದಲಿ, ದೇಶಕ್ಕೆ ಸಂಬಂಧಿಸಿದ ಸಾಮಾನ್ಯ ವಿಷಯಗಳಿಗೆ ಸಿಬಿಸಿಐ ಎಲ್ಲರದ್ದಾಗಿ ಉಳಿಯಲಿ ಎಂದರು. ಹಾಗೆ 1988ರಲ್ಲಿ ಲ್ಯಾಟಿನ್ ಪದ್ಧತಿಯ ಧರ್ಮಾಧ್ಯಕ್ಷರ ಸಿಸಿಬಿಐ ಹುಟ್ಟಿತು. ಕೇರಳದ ಎರಡು ಪದ್ಧತಿಯವರಿಗೆ ಅವರವರ ಸಿನೋಡ್ ಇದೆ. ‘ಒಂದು ವಠಾರ ಅಂದ್ಕೊ ಮಗೂ. ಒಳಗೆ ಮೂರು ಮನೆ. ಮನೆ ವಿಷಯ ಮನೆಯೊಳಗೆ. ಬಾವಿ, ಬಾಗಿಲು, ಬೀದಿದೀಪ ಎಲ್ಲರದ್ದು. ವಠಾರದ ಹೆಸರು ಸಿಬಿಸಿಐ, ದೊಡ್ಡ ಮನೆ ಹೆಸರು ಸಿಸಿಬಿಐ’ ಎಂದರು ಗುರುಗಳು. ದೇಶದಲ್ಲಿ ಈಗ ನೂರ ಎಪ್ಪತ್ತಕ್ಕೂ ಹೆಚ್ಚು ಧರ್ಮಪ್ರಾಂತ್ಯಗಳಿವೆ, ಅದರಲ್ಲಿ ನೂರ ಮೂವತ್ತರಷ್ಟು ಲ್ಯಾಟಿನ್ ಪದ್ಧತಿಯವು. ನಮ್ಮ ಕರ್ನಾಟಕವೊಂದರಲ್ಲೇ ಮೂರೂ ಪದ್ಧತಿ ಸೇರಿ 14 ಧರ್ಮಪ್ರಾಂತ್ಯಗಳು. ಅವುಗಳಿಗೆ ರಾಜ್ಯಮಟ್ಟದ ಒಂದು ಮಂಡಳಿಯೂ ಇದೆ.

‘ಹಾಗಾದರೆ ಅಧ್ಯಕ್ಷರು ನಮ್ಮ ಆರ್ಚ್‌ಬಿಷಪ್ಪರಿಗೆ ಬಾಸು, ಅಲ್ವಾ ಫಾದರ್?’ ಮಗಳು ನನ್ನ ಕಡೆ ನೋಡುತ್ತ ಕೇಳಿದಳು.

‘ಯಾರು ಹೇಳಿದ್ದು?’

ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡತೊಡಗಿದೆ.

ಗುರುಗಳು ನಕ್ಕರು. ಧರ್ಮಾಧ್ಯಕ್ಷರು ತಮ್ಮ ಪ್ರಾಂತ್ಯದಲ್ಲಿ ತಾವೇ ಹೊಣೆಗಾರರು. ಮಂಡಳಿಯ ಅಧ್ಯಕ್ಷರನ್ನು ಆರಿಸುವವರು ಅವರೇ. ಆ ಅಧ್ಯಕ್ಷರು ಸಭೆ ಕರೆಯುತ್ತಾರೆ, ನಡೆಸುತ್ತಾರೆ, ಎಲ್ಲರ ಪರವಾಗಿ ಮಾತಾಡುತ್ತಾರೆ. ಆದರೆ ಇನ್ನೊಬ್ಬರ ಪ್ರಾಂತ್ಯದಲ್ಲಿ ಒಬ್ಬ ಗುರುವನ್ನು ಕೂಡ ವರ್ಗ ಮಾಡಲಾರರು. ‘ಬೀದಿಯವರೆಲ್ಲ ಸೇರಿ ನಿಮ್ಮಪ್ಪನ್ನ ಸಂಘದ ಅಧ್ಯಕ್ಷ ಮಾಡಿದರು ಅಂತಿಟ್ಕೊ. ಪಕ್ಕದ ಮನೆ ಅಡುಗೆಮನೆಗೆ ಹೋಗಿ ಸಾರಿಗೆ ಉಪ್ಪು ಹಾಕ್ತಾರಾ?’

ಹಾಗಾದರೆ ಮಂಡಳಿಗೆ ಹಲ್ಲಿಲ್ಲವೇ? ಇದೆ, ಆದರೆ ಎಣಿಸಿ ಕೊಟ್ಟ ಹಲ್ಲು. 1983ರ ಧರ್ಮಸಭೆಯ ಕಾನೂನು ಸಂಹಿತೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆಯಂತೆ. ಕಾನೂನು ಇಂತಿಂಥ ವಿಷಯ ಮಂಡಳಿಯದು ಎಂದು ಗುರುತಿಸಿರಬೇಕು, ಇಲ್ಲವೇ ರೋಮ್ ವಿಶೇಷವಾಗಿ ವಹಿಸಿರಬೇಕು. ಆಗ ಮತದ ಹಕ್ಕುಳ್ಳ ಸದಸ್ಯರಲ್ಲಿ ಮೂರನೇ ಎರಡು ಭಾಗದಷ್ಟಾದರೂ ಒಪ್ಪಬೇಕು. ಒಪ್ಪಿದ್ದನ್ನು ರೋಮ್ ಪರಿಶೀಲಿಸಿ ಅಂಗೀಕರಿಸಬೇಕು. ಇಷ್ಟಾದರೆ ಅದು ಎಲ್ಲ ಪ್ರಾಂತ್ಯಕ್ಕೂ ಕಟ್ಟಳೆ. ಉಳಿದ ವಿಷಯಗಳಲ್ಲಿ, ಒಬ್ಬೊಬ್ಬ ಧರ್ಮಾಧ್ಯಕ್ಷರೂ ಒಪ್ಪದೆ ಮಂಡಳಿಯಾಗಲಿ ಅದರ ಅಧ್ಯಕ್ಷರಾಗಲಿ ಎಲ್ಲರ ಹೆಸರಿನಲ್ಲಿ ತೀರ್ಮಾನ ಮಾಡುವಂತಿಲ್ಲ. ದಿನನಿತ್ಯದ ಕೆಲಸಕ್ಕೆ ಸ್ಥಾಯಿ ಸಮಿತಿ, ಮಹಾಕಾರ್ಯದರ್ಶಿ. ಶಿಕ್ಷಣ, ಆರೋಗ್ಯ, ಪೂಜಾವಿಧಿ, ಯುವಜನರು ಹೀಗೆ ಒಂದೊಂದಕ್ಕೆ ಒಂದೊಂದು ಆಯೋಗ.

ಮಗಳು ಬರೆದುಕೊಳ್ಳುತ್ತಿದ್ದಳು. ನಾನು ಸುಮ್ಮನೆ ಕೇಳುತ್ತಿದ್ದೆ. ‘ಒಬ್ಬೊಬ್ಬರೂ ಒಪ್ಪದೆ’ ಎಂಬಲ್ಲಿ ಮಾತ್ರ ಕೆ.ಆರ್. ಪುರ ನೆನಪಾಯಿತು.

ಈ ದೇಶದ ಮಂಡಳಿಗೂ ನಮ್ಮ ದಂಡು ಪ್ರದೇಶಕ್ಕೂ ಇಷ್ಟೊಂದು ನಂಟಿದೆ ಎಂದು ನನಗೆ ತಿಳಿದಿರಲಿಲ್ಲ. ಸೇಂಟ್ ಜಾನ್ಸ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಆ ವೈದ್ಯಕೀಯ ಕಾಲೇಜು ಸಿಬಿಸಿಐನದು ಎಂದು ಎಷ್ಟು ಮಂದಿಗೆ ಗೊತ್ತು? 1963ರಲ್ಲಿ ಅದು ಶುರುವಾದದ್ದು ಇಲ್ಲೇ ಕುಕ್ ಟೌನಿನಲ್ಲಿ. ಕೆಲವು ವರ್ಷಗಳ ಬಳಿಕ ಸರ್ಜಾಪುರ ರಸ್ತೆಯ ದೊಡ್ಡ ಆವರಣಕ್ಕೆ ಹೋಯಿತು. ಒಂದೊಂದು ಪ್ರಾಂತ್ಯದಿಂದ ಆಗದ ಕೆಲಸವನ್ನು ಎಲ್ಲರೂ ಸೇರಿ ಮಾಡಿದರು. ಓದು ಮುಗಿದ ಮೇಲೆ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಸೇವೆ ಮಾಡಬೇಕೆಂಬ ಷರತ್ತು ಆ ಕಾಲೇಜಿನ ಹೆಸರಿನೊಡನೆ ಸೇರಿಕೊಂಡೇ ಬಂದಿದೆ. ಮಂಡಳಿಯ ಮಹಾಸಭೆ ಎರಡು ವರ್ಷಕ್ಕೊಮ್ಮೆ. 2018, 2020, 2022 ಮತ್ತು 2024ರಲ್ಲಿ ನಡೆದದ್ದೆಲ್ಲ ಅದೇ ಆವರಣದಲ್ಲಿ. ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಅಲ್ಫೋನ್ಸಸ್ ಮಥಾಯಸ್ ಅವರು ತೊಂಬತ್ತರ ದಶಕದ ಆರಂಭದಲ್ಲಿ ಸಿಬಿಸಿಐ ಅಧ್ಯಕ್ಷರಾಗಿದ್ದರು. ಅದಕ್ಕೂ ಹಿಂದೆ 1950ರಲ್ಲಿ ಇಡೀ ಭಾರತದ ಧರ್ಮಾಧ್ಯಕ್ಷರ ಮಹಾಸಮಾವೇಶ ಕೂಡಿದ್ದು ಬೆಂಗಳೂರಿನಲ್ಲೇ. ಪೋಪರ ಪ್ರತಿನಿಧಿಯಾಗಿ ಬಂದು ಅದನ್ನು ನಡೆಸಿದವರು ಸಿಡ್ನಿಯ ಕಾರ್ಡಿನಲ್ ಗಿಲ್ರಾಯ್.

ಇಷ್ಟೆಲ್ಲ ಬರೆದುಕೊಂಡ ಮೇಲೆ ಮಗಳು ಒಂದು ಸರಳ ಪ್ರಶ್ನೆ ಕೇಳಿದಳು. ‘ಸರಿ ಫಾದರ್, ಇವರ ತೀರ್ಮಾನದಿಂದ ನಮ್ಮ ಮನೆಯಲ್ಲಿ ಏನಾದರೂ ಬದಲಾಗಿದೆಯಾ?’

‘ನಿಮ್ಮಜ್ಜಿ ಯಾವ ಭಾಷೆಯಲ್ಲಿ ಪೂಜೆ ಕೇಳುತ್ತಿದ್ದರು?’ ಎಂದರು ಗುರುಗಳು.

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು.

ಅಮ್ಮನ ತವರು ಹೆಸರಘಟ್ಟ ದಾರಿಯ ಸಿಲ್ವೆಪುರ. ಅವರು ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್ನಿನಲ್ಲಿ. ಗುರುಗಳು ಪೀಠದ ಕಡೆ ಮುಖ ಮಾಡಿ, ಜನಕ್ಕೆ ಬೆನ್ನು ಕೊಟ್ಟು ಪೂಜೆ ಅರ್ಪಿಸುವರು. ಜನ ತಮ್ಮ ಪಾಡಿಗೆ ಜಪಸರ ಹಿಡಿದು ತಮ್ಮ ಭಾಷೆಯಲ್ಲಿ ಪ್ರಾರ್ಥಿಸುವರು. ಗಂಟೆ ಬಾರಿಸಿದಾಗ ತಲೆ ಬಗ್ಗಿಸುವರು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. 1963ರ ಡಿಸೆಂಬರ್ 4ರಂದು ಬಂದ ಪೂಜಾವಿಧಿಯ ದಸ್ತಾವೇಜು, ಜನರ ಭಾಷೆಯಲ್ಲಿ ಪೂಜೆ ನಡೆಯಬಹುದು ಎಂದಿತು. ಯಾವ ಭಾಷೆ, ಎಷ್ಟರಮಟ್ಟಿಗೆ ಎಂದು ನಿರ್ಧರಿಸುವ ಕೆಲಸವನ್ನು ಆಯಾ ನಾಡಿನ ಧರ್ಮಾಧ್ಯಕ್ಷರ ಕೂಟಗಳಿಗೆ ಬಿಟ್ಟು, ಅಂತಿಮ ಒಪ್ಪಿಗೆಯನ್ನು ರೋಮ್ ಇಟ್ಟುಕೊಂಡಿತು. ಅನುವಾದಗಳ ವಿಷಯದಲ್ಲಿ ಮಂಡಳಿಗಳ ಹೊಣೆಯನ್ನು 2017ರಲ್ಲಿ ಪೋಪ್ ಫ್ರಾನ್ಸಿಸ್ ಇನ್ನಷ್ಟು ಹೆಚ್ಚಿಸಿದರು.

ಅರವತ್ತರ ದಶಕದ ನಡುವಿನಲ್ಲಿ ಒಂದು ದಿನ ಅಮ್ಮ ಮೊದಲ ಸಲ ಪೂಜೆಯನ್ನು ಕನ್ನಡದಲ್ಲಿ ಕೇಳಿದರು. ಆ ಕಥೆಯನ್ನು ಅವರು ನಮಗೆ ಎಷ್ಟು ಸಲ ಹೇಳಿದ್ದರೋ. ‘ದೇವರಿಗೆ ಕನ್ನಡ ಬರುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು. ಪೀಠಕ್ಕೂ ಬರುತ್ತೆ ಅಂತ ಅವತ್ತು ಗೊತ್ತಾಯ್ತು’ ಎನ್ನುತ್ತಿದ್ದರು. ಮದುವೆಯಾಗಿ ಶಿವಾಜಿನಗರಕ್ಕೆ ಬಂದರು. ಇಲ್ಲಿ ತಮಿಳು, ಇಂಗ್ಲಿಷ್, ಕನ್ನಡ, ಕೊಂಕಣಿ, ಮಲಯಾಳ ಎಲ್ಲ ಒಂದೇ ಬೀದಿಯಲ್ಲಿ. ಬೆಂಗಳೂರಿನ ಚರ್ಚುಗಳಲ್ಲಿ ಯಾವ ಭಾಷೆಗೆ ಎಷ್ಟು ಸ್ಥಾನ ಎಂಬ ಜಗಳ ಎಷ್ಟು ದಶಕ ನಡೆಯಿತು, ಎಷ್ಟು ಮನಸ್ಸು ಮುರಿಯಿತು ಎಂದು ನಮ್ಮ ತಲೆಮಾರಿನವರಿಗೆ ಗೊತ್ತು. ದೆಹಲಿಯ ಮಂಡಳಿಯಾಗಲಿ ರೋಮಾಗಲಿ ಒಂದು ಬೀದಿಯ ಜಗಳವನ್ನು ಪತ್ರ ಬರೆದು ಮುಗಿಸಲಾಗದು. ಅಮ್ಮ ಕನ್ನಡ ಪೂಜೆ ಬಿಟ್ಟವರಲ್ಲ; ಆದರೆ ಪಕ್ಕದ ಮನೆಯವರ ತಮಿಳು ಜಪಮಾಲೆಗೂ ಹೋಗಿ ಕೂರುತ್ತಿದ್ದರು.

ಗುರುಗಳು ಇನ್ನೊಂದು ಸಂಗತಿ ಹೇಳಿದರು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಪೂಜಾವಿಧಿಯಲ್ಲಿ ಭಾರತೀಯ ರೀತಿಯ ಹನ್ನೆರಡು ಅಂಶಗಳನ್ನು ಸೇರಿಸಲು ಮತ ಹಾಕಿ ರೋಮಿಗೆ ಕಳಿಸಿದರು. ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಮೇಣದ ಬತ್ತಿಯ ಬದಲು ಎಣ್ಣೆದೀಪ, ಆರತಿ ಇವೆಲ್ಲ ಅದರಲ್ಲಿದ್ದವು. ಅದೇ ವರ್ಷ ಏಪ್ರಿಲ್ 25ರಂದು ರೋಮ್ ಒಪ್ಪಿತು. ಆಗ ಮಂಡಳಿಯ ಪೂಜಾವಿಧಿ ಆಯೋಗದ ಮುಂದಾಳು ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಲೂರ್ದುಸ್ವಾಮಿಯವರು. ಎಲ್ಲರೂ ಮೆಚ್ಚಲಿಲ್ಲ, ಇದು ನಮ್ಮದಲ್ಲ ಎಂದು ಗಟ್ಟಿಯಾಗಿ ವಿರೋಧಿಸಿದವರೂ ಇದ್ದರು. ಕೆಲವು ಕಡೆ ನಡೆಯಿತು, ಕೆಲವು ಕಡೆ ಇಲ್ಲ.

ಮುಂದಿನ ಶನಿವಾರ ಅದನ್ನು ಕಣ್ಣಾರೆ ನೋಡಲು ಹಚಿನ್ಸ್ ರಸ್ತೆಯ ಎನ್‌ಬಿಸಿಎಲ್‌ಸಿಗೆ ಹೋದೆವು. ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿಗಾಗಿ ಧರ್ಮಾಧ್ಯಕ್ಷರು 1967ರಲ್ಲಿ ಆರಂಭಿಸಿದ ರಾಷ್ಟ್ರೀಯ ಕೇಂದ್ರ ಅದು. ಕಟ್ಟಿ ಬೆಳೆಸಿದವರು ಫಾದರ್ ಅಮಲೋರ್ಪವದಾಸ್. ಅಲ್ಲಿಯ ಪ್ರಾರ್ಥನಾಲಯಕ್ಕೆ ನಮ್ಮ ನೆಲದ ಗುಡಿಯ ಛಾಯೆ ಇದೆ. ಕಿಟಕಿಗಳ ಕಲೆಯಲ್ಲಿ ಕೈಯಾಡಿಸಿದ ಕಲಾವಿದ ಜ್ಯೋತಿ ಸಾಹಿ ನೆಲೆಸಿದ್ದು ಅಮ್ಮನ ಊರು ಸಿಲ್ವೆಪುರದಲ್ಲೇ. ಮಗಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತಳು. ‘ಅಜ್ಜಿ ಮನೆಯಲ್ಲಿ ಹೀಗೇ ಕೂರ್ತಿದ್ದರು, ಅಲ್ವಾ?’ ಎಂದಳು. ಹೌದು. ಶಿವಾಜಿನಗರದ ಬೆಸಿಲಿಕಾದಲ್ಲಿ ಮಾತೆಗೆ ಸೀರೆ ಉಡಿಸುವುದಕ್ಕೆ, ಸೆಪ್ಟೆಂಬರ್ 8ಕ್ಕೆ ತೇರು ಎಳೆಯುವುದಕ್ಕೆ ಜನ ಯಾವ ಮತದಾನಕ್ಕೂ ಕಾಯಲಿಲ್ಲ. ಮನೆಯಲ್ಲಿ ಇದ್ದದ್ದಕ್ಕೇ ಮಂಡಳಿ ಎಷ್ಟೋ ಸಲ ಮೊಹರು ಹಾಕುತ್ತದೆ.

ಪ್ರಾಜೆಕ್ಟಿನ ಹತ್ತನೇ ಪುಟಕ್ಕೆ ಬಂದಾಗ ಮನೆಯಲ್ಲಿ ಸಣ್ಣ ಯುದ್ಧವಾಯಿತು. ‘ಯಾರಿಗೆ ಮತವಿಲ್ಲ’ ಎಂಬ ಶೀರ್ಷಿಕೆಯಡಿ ಅವಳು ಬರೆದಿದ್ದಳು: ಮಂಡಳಿಯಲ್ಲಿ ಮತವಿರುವುದು ಧರ್ಮಾಧ್ಯಕ್ಷರಿಗೆ ಮಾತ್ರ. ಗುರುಗಳಿಗಿಲ್ಲ, ಸಿಸ್ಟರುಗಳಿಗಿಲ್ಲ, ನನ್ನ ಅಪ್ಪ ಅಮ್ಮನಿಗಿಲ್ಲ, ನನ್ನ ಅಜ್ಜಿಗೆ ಇರಲಿಲ್ಲ. ಅಜ್ಜಿ ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂದು ತೀರ್ಮಾನಿಸಿದವರು ಅಜ್ಜಿಯನ್ನು ಕೇಳಿರಲಿಲ್ಲ.

‘ಇದನ್ನು ತೆಗಿ. ಬೇರೆಯವರು ಓದಿದರೆ ಏನಂದ್ಕೋತಾರೆ?’ ಎಂದೆ. ‘ಮೇಷ್ಟ್ರು ಕೇಳಿರೋದೇ ಇದನ್ನಲ್ವಾ?’ ಎಂದಳು. ನನ್ನ ಹೆಂಡತಿ ಒಗ್ಗರಣೆ ಹಾಕುತ್ತಲೇ, ‘ಸುಳ್ಳಿದ್ದರೆ ತೆಗೆಸಿ, ನಿಜ ಇದ್ದರೆ ಬಿಡಿ’ ಎಂದಳು. ಕೊನೆಗೆ ಗುರುಗಳಿಗೆ ತೋರಿಸಿದೆ. ಅವರು ಎರಡು ಸಲ ಓದಿ, ‘ಸರಿಯಾಗಿಯೇ ಇದೆ. ಇನ್ನೆರಡು ಸಾಲು ಸೇರಿಸು’ ಎಂದರು. ಆಯೋಗಗಳಲ್ಲಿ ಸಿಸ್ಟರುಗಳೂ ಗೃಹಸ್ಥರೂ ಕೆಲಸ ಮಾಡುತ್ತಾರೆ. 2010ರಲ್ಲಿ ಸಿಬಿಸಿಐ ಹೆಣ್ಣುಗಂಡಿನ ಸಮಾನತೆಯ ಬಗ್ಗೆ ಒಂದು ನೀತಿ ಹೊರಡಿಸಿತು. 2016ರಲ್ಲಿ ದಲಿತರ ಸಬಲೀಕರಣದ ನೀತಿ ಹೊರಡಿಸಿ, ಧರ್ಮಸಭೆಯೊಳಗೂ ಅಸ್ಪೃಶ್ಯತೆಯ ಪಿಡುಗು ಇದೆಯೆಂದು ಒಪ್ಪಿಕೊಂಡಿತು. 2023ರ ಅಕ್ಟೋಬರಿನಲ್ಲಿ ರೋಮಿನ ಸಿನೋಡಿನಲ್ಲಿ ಹೆಂಗಸರು ಮೊದಲ ಬಾರಿಗೆ ಮತ ಹಾಕಿದರು. ‘ಇದನ್ನೂ ಬರೆ, ಅದನ್ನೂ ಇಡು’ ಎಂದರು. ಮಗಳು ಹಾಗೇ ಮಾಡಿದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ‘ಅಜ್ಜಿಯನ್ನು ಕೇಳಿರಲಿಲ್ಲ’ ಎಂಬ ಸಾಲು ಮತ್ತೆ ಮತ್ತೆ ಬರುತ್ತಿತ್ತು. ನಾನಾದರೂ ಯಾರನ್ನು ಕೇಳಿದ್ದೆ? ತಮ್ಮನಿಗೆ ಕನ್ನಡದ ಮೇಲೆ ಕೋಪವಿರಲಿಲ್ಲ. ಅವನೂ ಅದೇ ಅಮ್ಮನ ಮಗ. ಅವನ ಮನೆಗೆ ಅವನೇ ಯಜಮಾನ. ಹಿರಿಯ ಎಂಬ ಒಂದೇ ಅಧಿಕಾರದಿಂದ ನಾನು ಅವನ ಅಡುಗೆಮನೆಗೆ ಹೋಗಿ ಸಾರಿಗೆ ಉಪ್ಪು ಹಾಕಿದ್ದೆ.

ಬೆಳಿಗ್ಗೆ ಫೋನ್ ಮಾಡಿದೆ. ‘ಪೂಜೆ ವಿಷಯ ನಾನೊಬ್ಬನೇ ತೀರ್ಮಾನ ಮಾಡಿದ್ದು ತಪ್ಪಾಯ್ತು. ಬರ್ತೀಯಾ, ಕೂತು ಮಾತಾಡೋಣ?’ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಭಾನುವಾರ ಬರ್ತೀನಿ’ ಎಂದ. ಅಷ್ಟೇ.

ಭಾನುವಾರ ತಂಗಿಯೂ ಬಂದಳು. ಮಾತು ಸಲೀಸಾಗಿ ನಡೆಯಿತೆಂದು ಹೇಳಲಾರೆ. ಪೂಜೆಯ ವಿಷಯಕ್ಕಿಂತ ಮೊದಲು ಅಮ್ಮನ ಆಸ್ಪತ್ರೆ ಖರ್ಚು ಬಂತು, ಅಪ್ಪನ ಕಾಲದ ಮನೆ ಬಂತು. ಒಮ್ಮೆ ತಮ್ಮ ಎದ್ದು ಚಪ್ಪಲಿ ಹಾಕಿಕೊಳ್ಳುವವರೆಗೂ ಹೋದ. ಕೊನೆಗೆ ಅವನೇ ಹೇಳಿದ: ‘ಕನ್ನಡದಲ್ಲೇ ಇರಲಿ ಅಣ್ಣ. ಅಮ್ಮನಿಗೆ ಅದೇ ಸರಿ. ನಾನೂ ಅದನ್ನೇ ಹೇಳ್ತಿದ್ದೆ. ನೀನು ಒಂದು ಮಾತು ಕೇಳಿದ್ದರೆ ಸಾಕಿತ್ತು.’

ವರ್ಷದ ಪೂಜೆ ಕನ್ನಡದಲ್ಲೇ ಆಯಿತು. ತಮ್ಮನ ಹೆಂಡತಿ ಒಂದು ತಮಿಳು ಹಾಡು ಹಾಡಿದಳು. ಪಕ್ಕದ ಮನೆಯ ಜಪಮಾಲೆಯಲ್ಲಿ ಅಮ್ಮ ದನಿಗೂಡಿಸುತ್ತಿದ್ದ ಹಾಡು. ತಂಗಿಯ ಮಗ ಒಂದು ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಓದಿದ. ಊಟ ಕೆ.ಆರ್. ಪುರದಲ್ಲಿ, ತಮ್ಮನ ಮನೆಯಲ್ಲಿ. ಹಳೆಯ ಮನೆಯ ಮಾತು ಇನ್ನೂ ಬಗೆಹರಿದಿಲ್ಲ. ಆದರೆ ಫೋನ್ ಬರುತ್ತದೆ.

ಪ್ರಾಜೆಕ್ಟ್ ತಿದ್ದಿ ವಾಪಸ್ ಬಂತು. ಮೇಷ್ಟ್ರು ಹತ್ತನೇ ಪುಟದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಚೆನ್ನಾಗಿದೆ’ ಎಂದು ಬರೆದಿದ್ದರು. ಅದನ್ನು ತೆಗೆಸಲು ಹೊರಟಿದ್ದವನು ನಾನು ಎಂದು ಮಗಳು ದಿನಕ್ಕೆರಡು ಸಲ ನೆನಪಿಸುತ್ತಾಳೆ.

ಮೊನ್ನೆ ಮತ್ತೆ ಹಚಿನ್ಸ್ ರಸ್ತೆಯ ಕಡೆ ಹೋಗುವಾಗ ಅವಳೇ ಬೋರ್ಡು ತೋರಿಸಿ, ‘ಅಕ್ಷರ ಸರಿಯಾಗೇ ಇದೆ ಬಿಡಪ್ಪ’ ಎಂದಳು. ಆಮೇಲೆ, ‘ಮುಂದಿನ ವರ್ಷ ಅಜ್ಜಿ ಪೂಜೆ ಎಲ್ಲಿ?’ ಎಂದು ಕೇಳಿದಳು.

ಉತ್ತರ ಬಾಯಿಗೇ ಬಂದಿತ್ತು. ನುಂಗಿಕೊಂಡು ಹೇಳಿದೆ: ‘ಚಿಕ್ಕಪ್ಪನ್ನ, ಅತ್ತೆನ ಕೇಳೋಣ.’